ತಣಿಸಂದ್ರದಲ್ಲಿ ಗುಂಟೆ ಸೈಟಾದ ಬಗೆ

ಬೆಂಗಳೂರಿನ ಸುತ್ತಲಿನ ಬಯಲುಸೀಮೆಯಲ್ಲಿ ‘ಸಂದ್ರ’ ಎಂದು ಮುಗಿಯುವ ಊರುಗಳು ಹಲವಿದ್ದು, ಅಲ್ಲಾಳಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ, ದೊಮ್ಮಸಂದ್ರಗಳ ಸಾಲಿಗೇ ತಣಿಸಂದ್ರವೂ ಸೇರುತ್ತದೆ. ಈ ಉತ್ತರಪದವನ್ನು ‘ಸಮುದ್ರ’ ಎಂಬುದರ ಸವೆದ ರೂಪವೆಂದು ಬಗೆಯುವುದು ರೂಢಿ. ದೊಡ್ಡ ಕೆರೆ ಕಟ್ಟಿಸಿದವರು ಅದನ್ನು ಸಮುದ್ರವೆಂದೇ ಕರೆಯುತ್ತಿದ್ದ ವಾಡಿಕೆ ಮಧ್ಯಕಾಲೀನ ಕರ್ನಾಟಕದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಹೊಯ್ಸಳರ ರಾಜಧಾನಿಯ ಹೆಸರೇ ದ್ವಾರಸಮುದ್ರವಾಗಿತ್ತು. ನಾಗವಾರದಿಂದ ಉತ್ತರಕ್ಕೆ ಹೊರಡುವ ಮುಖ್ಯರಸ್ತೆಯ ಎರಡು ಬದಿಗೂ ಇಂದು ಬಹುಮಹಡಿ ವಸತಿ ಕಟ್ಟಡಗಳು ಒತ್ತೊತ್ತಾಗಿ ನಿಂತಿದ್ದರೂ ಊರಿನ ಹೆಸರು ಮಾತ್ರ ಕೆರೆಯ ನೆನಪನ್ನು ಬಿಟ್ಟುಕೊಟ್ಟಿಲ್ಲ. ಇಲ್ಲಿ ಮನೆ ಕೊಳ್ಳುವವರ ಕೈಗೆ ವಕೀಲರು ಕೊಡುವ ಉದ್ದನೆಯ ಕಾಗದಗಳ ಪಟ್ಟಿ ಮೇಲುನೋಟಕ್ಕೆ ಕಚೇರಿಗಳ ಕಿರುಕುಳದಂತೆ ಕಂಡರೂ, ಆ ಪಟ್ಟಿಯ ಒಂದೊಂದು ಕಾಗದವೂ ಈ ನೆಲದ ಒಂದೊಂದು ಕಾಲಘಟ್ಟದಲ್ಲಿ ಹುಟ್ಟಿದ್ದು, ಆ ಕಾಲದ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳಬಲ್ಲದು. ಒಂದರ ಉತ್ತರವನ್ನು ಇನ್ನೊಂದರಿಂದ ನಿರೀಕ್ಷಿಸಿದವರೇ ಇಲ್ಲಿ ಹೆಚ್ಚಾಗಿ ಕೆಟ್ಟಿದ್ದಾರೆ.

ಈ ಭಾಗದ ನೆಲೆಗಳು ಹಳೆಯವು. ಹೆಬ್ಬಾಳದಲ್ಲಿ ದೊರೆತ, ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಕಿತ್ತಯ್ಯನ ವೀರಗಲ್ಲು ‘ಪೆರ್ಬೊಳಲ್ ನಾಡು’ ಎಂಬ ಆಡಳಿತ ವಿಭಾಗವನ್ನು ಹೆಸರಿಸುತ್ತದೆ. ಆ ನಾಡಿನ ಬೇಸಾಯ ನಿಂತಿದ್ದುದು ಒಂದರ ಕೋಡಿಯಿಂದ ಇನ್ನೊಂದರ ಅಂಗಳಕ್ಕೆ ನೀರು ಹರಿಯುವ ಕೆರೆಗಳ ಸರಣಿಯ ಮೇಲೆ. ಜಕ್ಕೂರು ಕೆರೆ ತುಂಬಿದರೆ ರಾಚೇನಹಳ್ಳಿ ಕೆರೆಗೆ ನೀರು ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಹೆಬ್ಬಾಳ ಕಣಿವೆಯ ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೆ ಹೊರಳುತ್ತಿತ್ತು. ಮಣ್ಣಿನ ಏರಿ, ನೀರು ಬಿಡುವ ತೂಬು, ಹೆಚ್ಚುವರಿ ನೀರು ಹೊರಬೀಳುವ ಕೋಡಿ, ಮೇಲಿನ ಕೆರೆಯನ್ನೂ ಕೆಳಗಿನ ಕೆರೆಯನ್ನೂ ಬೆಸೆಯುವ ರಾಜಕಾಲುವೆ, ತೂಬಿನ ಕೆಳಗೆ ಸರದಿಯಂತೆ ನೀರುಣ್ಣುವ ಅಚ್ಚುಕಟ್ಟು, ಆ ಸರದಿಯನ್ನು ಕಾಯುವ ನೀರಗಂಟಿ ಇವಿಷ್ಟೂ ಸೇರಿ ಊರಿನ ನೆಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದವು: ಕೆರೆಯ ನೀರಿನಲ್ಲಿ ಭತ್ತ ಬೆಳೆಯುವ ತರಿ, ಮಳೆಯನ್ನೇ ನಂಬಿದ ರಾಗಿ ಹೊಲಗಳ ಖುಷ್ಕಿ, ಬಾವಿಯ ಆಸರೆಯ ತೋಟಗಳ ಬಾಗಾಯ್ತು. ಊರಿನ ಮನೆಗಳು ಎಂದೂ ತರಿಯಲ್ಲಿ ಎದ್ದವಲ್ಲ. ಬೇಸಾಯಕ್ಕೆ ಬಾರದ, ನೀರು ನಿಲ್ಲದ ದಿಣ್ಣೆಯೇ ಊರಾಗಿತ್ತು. ಪಹಣಿ ಎಂದು ಹೆಸರಾದ ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆಯಲ್ಲಿ ನೆಲದ ಈ ವರ್ಗವನ್ನು ಇಂದಿಗೂ ನಮೂದಿಸಲಾಗುತ್ತದೆ. ತರಿ ಎಂದು ಬರೆದ ಸರ್ವೆ ನಂಬರಿನಲ್ಲಿ ಮನೆ ಕಟ್ಟುವವರು ಅಲ್ಲಿ ಗೋಡುಮಣ್ಣು ಇರಬಹುದೆಂದೂ, ಗಟ್ಟಿ ನೆಲ ಸಿಗಲು ಪಾಯವನ್ನು ಹೆಚ್ಚು ಆಳಕ್ಕೆ ತೆಗೆಯಬೇಕಾಗಬಹುದೆಂದೂ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ. ತೆರಿಗೆಯ ಸಲುವಾಗಿ ಮಾಡಿದ ಒಂದು ವರ್ಗೀಕರಣ ಹೀಗೆ ಶತಮಾನದ ಬಳಿಕ ಮಣ್ಣು ಪರೀಕ್ಷೆಯ ಮೊದಲ ಸುಳಿವಾಗಿ ಒದಗುತ್ತದೆ.

ಹಿಂದೆ ಹೊಲವನ್ನು ಅಳೆಯುತ್ತಿದ್ದುದು ಅದಕ್ಕೆ ಬೇಕಾಗುವ ಬಿತ್ತನೆ ಬೀಜದಿಂದ. ಇಷ್ಟು ಕೊಳಗದ ನೆಲ, ಇಷ್ಟು ಖಂಡುಗದ ಗದ್ದೆ ಎಂಬ ಮಾತಿನಲ್ಲಿ ಉದ್ದ ಅಗಲಗಳ ಪ್ರಶ್ನೆಯೇ ಇರಲಿಲ್ಲ. ಮೈಸೂರು ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿದ್ದಾಗ, ಲೆವಿನ್ ಬೌರಿಂಗ್ ಕಮಿಷನರಾಗಿದ್ದ 1863ರಲ್ಲಿ, ಮುಂಬಯಿ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿ ಕಂದಾಯ ಸರ್ವೆ ಇಲಾಖೆ ಆರಂಭವಾದಾಗ ಈ ಲೆಕ್ಕ ಬದಲಾಯಿತು. ಅಳತೆಗಾರರು ತಂದ ಸರಪಳಿಯ ಉದ್ದ 33 ಅಡಿ, ಅದರಲ್ಲಿ ಆಣೆ ಎಂಬ 16 ಭಾಗಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಕೂಡಿದರೆ ಒಂದು ಎಕರೆ. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಬಂತು, ಆ ನಂಬರಿನ ಅಳತೆಗಳನ್ನು ಗೆರೆಗಳ ಮೇಲೆ ಬರೆದಿಟ್ಟ ಟಿಪ್ಪಣಿ ಬಂತು, ಎಲ್ಲ ನಂಬರುಗಳ ವಿಸ್ತೀರ್ಣವನ್ನೂ ಕಂದಾಯವನ್ನೂ ಒಟ್ಟಿಗೆ ಕಾಣಿಸುವ ಆಕಾರಬಂದ್ ಬಂತು, ಕೆರೆ, ಕಾಲುವೆ, ಬಂಡಿದಾರಿ, ಸ್ಮಶಾನಗಳನ್ನು ಗುರುತಿಸಿದ ಗ್ರಾಮನಕ್ಷೆ ಬಂತು. ಇಂದು ತಣಿಸಂದ್ರದ ಯಾವುದೇ ಮನೆಯ ಕ್ರಯಪತ್ರದ ಕೊನೆಯಲ್ಲಿ ಬರುವ ‘ಷೆಡ್ಯೂಲು’ ಎಂಬ ಭಾಗ ಈ ನಾಲ್ಕರ ಮೊಮ್ಮಗು.

ಸರ್ವೆಯ ಕಾಲದ ಒಂದು ಶಬ್ದವನ್ನು ಇಲ್ಲಿ ವಿವರಿಸದೆ ಮುಂದೆ ಹೋಗುವಂತಿಲ್ಲ. ಸಾಗುವಳಿಗೆ ಬಾರದ ನೆಲವನ್ನು ಅಳತೆಗಾರರು ಖರಾಬು ಎಂದು ಬರೆದರು. ಅದರಲ್ಲಿ ಹಿಡುವಳಿದಾರನ ಸ್ವಂತ ಬಳಕೆಗೆ ಸಂಬಂಧಿಸಿದ ಬಂಡೆ, ಕಣ ಮೊದಲಾದವು ‘ಎ’ ಖರಾಬು, ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದವು ‘ಬಿ’ ಖರಾಬು. ಎರಡು ಎಕರೆಯ ಸರ್ವೆ ನಂಬರಿನ ನಡುವೆ ನಾಲ್ಕು ಗುಂಟೆ ‘ಬಿ’ ಖರಾಬು ಹಾದುಹೋಗಿದ್ದರೆ ಆ ನಾಲ್ಕು ಗುಂಟೆ ಸರ್ಕಾರದ್ದೇ. ಅದನ್ನು ಮಾರುವ ಹಕ್ಕು ರೈತನಿಗೆ ಎಂದೂ ಇರಲಿಲ್ಲ, ಆದ್ದರಿಂದ ಕೊಂಡವನಿಗೂ ಬರಲಿಲ್ಲ. ಬೇಸಾಯ ನಡೆಯುತ್ತಿದ್ದಾಗ ಆ ಪಟ್ಟಿ ಕಣ್ಣಿಗೆ ಕಾಣುತ್ತಿತ್ತು, ಎತ್ತುಗಳು ಅದರಲ್ಲೇ ನಡೆಯುತ್ತಿದ್ದವು. ಉಳುವುದು ನಿಂತು ಮಣ್ಣು ಹರಡಿ ಮಟ್ಟಮಾಡಿದ ಮೇಲೆ ಅದು ಉಳಿದದ್ದು ಆಕಾರಬಂದಿನ ಒಂದು ಕಲಮಿನಲ್ಲಿ ಮಾತ್ರ. ಪಹಣಿಯ ಒಟ್ಟು ವಿಸ್ತೀರ್ಣವನ್ನಷ್ಟೇ ನೋಡಿ ಖರಾಬಿನ ಕಲಮನ್ನು ನೋಡದೆ ಮುಂಗಡ ಕೊಡುವವರು ಇಂದಿಗೂ ಕಡಿಮೆಯಿಲ್ಲ.

ಗುಂಟೆಯ ಲೆಕ್ಕದಿಂದ ಸೈಟಿನ ಲೆಕ್ಕಕ್ಕೆ ದಾಟುವಾಗ ಇನ್ನೊಂದು ಸಣ್ಣ ಅಂತರವಿದೆ. ಬೆಂಗಳೂರಿನ ಮಧ್ಯಮ ವರ್ಗದ ಕನಸಿನ ಅಳತೆಯಾದ ‘ಮೂವತ್ತು ನಲವತ್ತು’ ಎಂದರೆ 1,200 ಚದರಡಿ, ಅಂದರೆ ಒಂದು ಗುಂಟೆಗಿಂತ 111 ಚದರಡಿ ಹೆಚ್ಚು. ರಸ್ತೆ, ಚರಂಡಿ, ಉದ್ಯಾನ ಯಾವುದಕ್ಕೂ ಒಂದಡಿ ಬಿಡದಿದ್ದರೂ ಎಕರೆಗೆ 36 ಸೈಟುಗಳ ಮೇಲೆ ಹೊಂದುವುದಿಲ್ಲ. ಹಾಗಿರುವಾಗ ಎಕರೆಯಲ್ಲಿ ಮೂವತ್ತರ ಹತ್ತಿರ ಸೈಟು ತೋರಿಸುವ ಕೈಬರಹದ ನಕ್ಷೆಯನ್ನು ಕಂಡರೆ, ಅಲ್ಲಿ ರಸ್ತೆಯ ಅಗಲ ಎಷ್ಟಿರಬಹುದೆಂದು ಯಾರೂ ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಉತ್ತರ ಬೆಂಗಳೂರಿನ ಹಳೆಯ ಹಳ್ಳಿಗಳ ಅಡ್ಡರಸ್ತೆಗಳಲ್ಲಿ ನೀರಿನ ಟ್ಯಾಂಕರು ಎದುರಾದರೆ ಆಟೋ ಹಿಂದೆ ಸರಿಯಬೇಕಾದ ಸ್ಥಿತಿಯ ಮೂಲವೂ ಈ ಸರಳ ಭಾಗಾಕಾರದಲ್ಲೇ ಇದೆ.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ನೆಲದ ಒಡೆತನವೇ ಮಗುಚಿಬಿತ್ತು. ಮೈಸೂರು ಸರ್ಕಾರ 1954ರಲ್ಲಿ ವೈಯಕ್ತಿಕ ಇನಾಮುಗಳನ್ನೂ 1955ರಲ್ಲಿ ಧಾರ್ಮಿಕ ಇನಾಮುಗಳನ್ನೂ ರದ್ದುಗೊಳಿಸುವ ಕಾಯಿದೆ ತಂದಿತು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮೊದಲಾದವರ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯಿದೆ ಅಳಿಸಿತು, ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ‘ಏಳನೇ ನಮೂನೆ’ಯ ಅರ್ಜಿಯ ಮೂಲಕ ಉಳುವವನಿಗೆ ಅಧಿಭೋಗದ ಹಕ್ಕು ದೊರೆಯತೊಡಗಿತು, ಹಾಗೆ ದೊರೆತ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ಷರತ್ತೂ ಕಾಯಿದೆಯಲ್ಲಿ ಸೇರಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯವೇ ಅನೂರ್ಜಿತ ಎಂದು 1978ರ ಕಾಯಿದೆ, ಅಂದರೆ ಜನರ ಬಾಯಲ್ಲಿ ‘ಪಿಟಿಸಿಎಲ್’, ಹೇಳಿತು. ಎಷ್ಟು ವರ್ಷ ಕಳೆದರೂ ಆ ಜಮೀನನ್ನು ಮರಳಿ ಕೇಳುವ ಅವಕಾಶಕ್ಕೆ ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಇದರಿಂದ ಕೊಳ್ಳುವವರಿಗೆ ಒದಗುವ ಪಾಠ ಸರಳವಾದದ್ದು. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇಸಿಯನ್ನು, ಹದಿಮೂರು ಅಥವಾ ಹದಿನೈದು ವರ್ಷಕ್ಕೆ ಪಡೆದು ತೃಪ್ತರಾಗುವ ಅಭ್ಯಾಸ ತಣಿಸಂದ್ರದಂಥ ಕಡೆ ಸಾಲದು. ಮೂಲಪತ್ರ 1974ರ ಆಚೆಗೂ ಚಾಚಬೇಕು, ಜಮೀನು ಮಂಜೂರಾತಿಯಿಂದ ಬಂದದ್ದಾದರೆ ಸಾಗುವಳಿ ಚೀಟಿಯ ಷರತ್ತುಗಳನ್ನು ಓದಬೇಕು. ಇಸಿ ನೋಂದಾಯಿತ ವ್ಯವಹಾರಗಳನ್ನಷ್ಟೇ ಹೇಳುತ್ತದೆ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯನ್ನಾಗಲಿ ಮನೆಯೊಳಗೇ ಬರೆದುಕೊಂಡ ಪಾಲುಪಟ್ಟಿಯನ್ನಾಗಲಿ ಹೇಳುವುದಿಲ್ಲ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಯೂ ಇಲ್ಲೇ ಬರುತ್ತದೆ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ, ಕೇಂದ್ರದ 2005ರ ತಿದ್ದುಪಡಿಗೆ ಹನ್ನೊಂದು ವರ್ಷ ಮೊದಲೇ, ಜಾರಿಗೆ ತಂದಿತ್ತು, ಕೇಂದ್ರದ ತಿದ್ದುಪಡಿ ಬಂದಾಗ ತಂದೆ ಬದುಕಿದ್ದರೇ ಎಂಬ ತಕರಾರನ್ನು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು. ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರಷ್ಟೇ ಇರುವ ಕ್ರಯಪತ್ರ ನೋಂದಣಿ ಕಚೇರಿಯಲ್ಲಿ ಸಲೀಸಾಗಿ ದಾಟಬಹುದು, ಸಿವಿಲ್ ನ್ಯಾಯಾಲಯದಲ್ಲಿ ದಾಟದು.

ದಾಖಲೆ ಹುಡುಕುವವರನ್ನು ದಾರಿತಪ್ಪಿಸುವ ಇನ್ನೊಂದು ವಿಚಿತ್ರವೂ ಇಲ್ಲುಂಟು. ಊರನ್ನು ಎಲ್ಲರೂ ಉತ್ತರ ಬೆಂಗಳೂರೆಂದೇ ಕರೆಯುತ್ತಾರೆ. ಕಂದಾಯದ ಕಾಗದದಲ್ಲಿ ಮಾತ್ರ ತಣಿಸಂದ್ರ ಕೃಷ್ಣರಾಜಪುರ ಹೋಬಳಿಗೆ, ಬೆಂಗಳೂರು ಪೂರ್ವ ತಾಲ್ಲೂಕಿಗೆ ಸೇರಿದ್ದು, ಪೂರ್ವ ತಾಲ್ಲೂಕು ರಚನೆಯಾಗುವ ಮೊದಲಿನ ಪತ್ರಗಳಲ್ಲಿ ಅದೇ ಹೋಬಳಿ ಬೆಂಗಳೂರು ದಕ್ಷಿಣ ತಾಲ್ಲೂಕಿನದೆಂದು ಕಾಣಿಸಿಕೊಳ್ಳುತ್ತದೆ. ದಿಕ್ಕುಗಳ ಈ ಅದಲುಬದಲನ್ನು ತಿಳಿಯದೆ ಒಂದೇ ತಾಲ್ಲೂಕಿನ ಹೆಸರಿನಲ್ಲಿ ಹುಡುಕಿದವರಿಗೆ ಹಳೆಯ ಅಡಮಾನ ಕಣ್ಣಿಗೆ ಬೀಳದೇ ಹೋಗಬಹುದು.

ಇಷ್ಟೆಲ್ಲ ಕಾಗದ ಹೊಲಗಳಿಗಿದ್ದರೂ ಊರೊಳಗಿನ ಮನೆಗಳಿಗೆ ಬಹುಕಾಲ ಕಾಗದವೇ ಇರಲಿಲ್ಲ. ಸರ್ವೆ ನಂಬರಿನ ಹೊರಗೆ ಉಳಿದ ವಸತಿಯ ನೆಲವನ್ನು ಗ್ರಾಮಠಾಣ ಎಂದು ಕರೆದು, ಅದಕ್ಕೆ ಕಂದಾಯ ಹಾಕದೆ ಬಿಡಲಾಗಿತ್ತು. ಮನೆಯ ಗುರುತು ಅದರ ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾವ ಓಣಿ ಎಂಬ ನಾಲ್ಕು ದಿಕ್ಕಿನ ವಿವರ. ಪಂಚಾಯಿತಿಗಳು ಬಂದ ಮೇಲೆ ಮನೆಗಂದಾಯದ ಪಟ್ಟಿಯೇ ಮನೆಯ ಮೊದಲ ದಾಖಲೆಯಾಯಿತು, ನಮೂನೆ 9 ಮತ್ತು 11 ಎಂಬ ಹೆಸರುಗಳು ಅಲ್ಲಿಂದ ಬಂದವು. ತೆರಿಗೆ ಕಟ್ಟಿದ ರಸೀದಿಯನ್ನು ಒಡೆತನದ ಪತ್ರವೆಂದು ಭಾವಿಸುವ ಮನೋಭಾವದ ಬೇರು ಇಲ್ಲಿದೆ ಎನ್ನಬಹುದು: ಬೇರೆ ಕಾಗದವೇ ಇಲ್ಲದವನ ಪಾಲಿಗೆ ಕಂದಾಯದ ರಸೀದಿಗಿಂತ ದೊಡ್ಡ ಸಾಕ್ಷಿ ಯಾವುದಿದ್ದೀತು?

ಆ ಮನೆಗಳ ಕಟ್ಟೋಣವೂ ಗಮನಿಸತಕ್ಕದ್ದು. ಹಸಿಮಣ್ಣನ್ನು ಕಲಸಿ ವರಸೆ ವರಸೆಯಾಗಿ ಏರಿಸಿದ ಗೋಡೆ, ಅದರ ಮೇಲೆ ತೊಲೆ, ಜಂತೆ, ನಾಡಹೆಂಚು. ಬಂಡೆ ಸಿಗುವ ಉತ್ತರದ ಹಳ್ಳಿಗಳಲ್ಲಿ ಸೀಳಿದ ಚಪ್ಪಡಿಗಲ್ಲೇ ಗೋಡೆಯೂ ಚಾವಣಿಯೂ ಆಗುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ರೈಲಿನ ದಾರಿ ಹಿಡಿದು ಬಯಲುಸೀಮೆಗೂ ಬಂದು, ‘ಮಂಗಳೂರು ಹೆಂಚಿನ ಮನೆ’ ಎಂಬುದು ಸ್ಥಿತಿವಂತಿಕೆಯ ಗುರುತಾಯಿತು. ಹಳೆಯ ಗ್ರಾಮಠಾಣದಲ್ಲಿ ಇಂಥ ಮನೆ ಕೊಂಡು ದುರಸ್ತಿ ಮಾಡಿಸುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಬಳಿಸುವುದು. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತ ಬದುಕುವಂಥದ್ದು. ಸಿಮೆಂಟಿನ ಪದರ ಆ ತೇವವನ್ನು ಒಳಗೇ ಕಟ್ಟಿಹಾಕುವುದರಿಂದ ಕೆಲವೇ ಮಳೆಗಾಲಗಳಲ್ಲಿ ಗೋಡೆಯ ಬುಡ ಕರಗಿ, ಮೇಲಿನ ಪದರ ಹೊಪ್ಪಳೆಯಾಗಿ ಕಳಚುತ್ತದೆ. ಸುಣ್ಣದ ಅಥವಾ ಮಣ್ಣಿನ ಸಾರಣೆಯೇ ಅಲ್ಲಿ ತಕ್ಕದ್ದು. ಅದೇ ರೀತಿ, ಹೆಂಚನ್ನು ಹೊರುತ್ತಿದ್ದ ಕಲ್ಲು ಮಣ್ಣಿನ ಪಾಯದ ಮೇಲೆ ಕಾಂಕ್ರೀಟು ತಾರಸಿ, ಅದರ ಮೇಲೆ ಬಾಡಿಗೆಗೆಂದು ಇನ್ನೆರಡು ಅಂತಸ್ತು ಏರಿಸುವ ಮೊದಲು ಪಾಯವನ್ನು ಒಂದೆರಡು ಕಡೆ ಅಗೆದು ನೋಡುವುದು ಅಗತ್ಯ. ಕಂಬಗಳ ಚೌಕಟ್ಟಿಲ್ಲದೆ ಗೋಡೆಯೇ ಭಾರ ಹೊರುವ ಮನೆಯಲ್ಲಿ ನಡುಮನೆ ದೊಡ್ಡದಾಗಲೆಂದು ಗೋಡೆ ಒಡೆಸುವುದಂತೂ ಮೇಸ್ತ್ರಿಯ ಧೈರ್ಯವನ್ನು ನಂಬಿ ಮಾಡುವ ಕೆಲಸವಲ್ಲ.

ಊರು ನಗರದ ಕಡೆಗೆ ತಿರುಗಿದ್ದು ನಿಧಾನವಾಗಿ, ಆಮೇಲೆ ಒಮ್ಮೆಲೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, 1976ರಲ್ಲಿ ಸ್ಥಾಪನೆಯಾಯಿತು. 1984ರ ಮಹಾಯೋಜನೆ ನಗರದ ಸುತ್ತ ಹಸಿರು ಪಟ್ಟಿಯನ್ನು ಗುರುತಿಸಿ, ಅಲ್ಲಿ ಬೇಸಾಯಕ್ಕೆ ಹೊರತಾದ ಬಳಕೆಯನ್ನು ನಿರ್ಬಂಧಿಸಿತು. ಹೊರವರ್ತುಲ ರಸ್ತೆ ನಾಗವಾರವನ್ನು ಹಾದುಹೋದದ್ದು, ಈ ಶತಮಾನದ ಮೊದಲ ದಶಕದಲ್ಲಿ ಅದರ ಪಕ್ಕದಲ್ಲೇ ಮಾನ್ಯತಾ ಟೆಕ್ ಪಾರ್ಕ್ ಎದ್ದದ್ದು, ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಆರಂಭವಾದದ್ದು ಒಂದಾದ ಮೇಲೊಂದು ಬಂದು, ರಾಗಿ ಹೊಲದ ಬೆಲೆ ರಾಗಿಗೆ ಸಂಬಂಧವೇ ಇಲ್ಲದ ಮಟ್ಟಕ್ಕೆ ಏರಿತು. ಈ ಏರಿಕೆಯ ಸಂತಾನವೇ ‘ರೆವಿನ್ಯೂ ಸೈಟು’. ಕೃಷಿ ಭೂಮಿಯನ್ನು ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶವಿಲ್ಲದೆ, ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆಯಿಲ್ಲದೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರುವ ನಿವೇಶನಕ್ಕೆ ಈ ಹೆಸರು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಆಗ ನಿಷೇಧವಿದ್ದುದರಿಂದ ನೇರ ಕ್ರಯಪತ್ರದ ಬದಲು ಮುಖ್ತ್ಯಾರನಾಮೆ, ಅಂದರೆ ಜಿಪಿಎ, ಅದರ ಜೊತೆಗೊಂದು ಕರಾರುಪತ್ರ ಎಂಬ ಜೋಡಿ ಕಾಗದದ ಮೇಲೆ ಸೈಟುಗಳು ಕೈ ಬದಲಾಯಿಸಿದವು. ಜಿಪಿಎ ಕೊಟ್ಟವನು ತೀರಿಕೊಂಡರೆ ಅದರ ಬಲ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆಂಬುದು ಕೊಂಡವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಇಂಥ ಜಿಪಿಎ ಮಾರಾಟ ಒಡೆತನವನ್ನು ವರ್ಗಾಯಿಸುವುದೇ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಅಕ್ಟೋಬರ್ 11ರಂದು, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿತು. ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕೆಂಬ ಮಾತು 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲೇ ಇತ್ತು, ಯಾರೂ ಓದಿರಲಿಲ್ಲ ಅಷ್ಟೇ.

ಈ ಕಥೆಯ ನಡುಭಾಗದಲ್ಲಿ ಅರ್ಕಾವತಿ ಬಡಾವಣೆ ಬರುತ್ತದೆ. ಅದಕ್ಕಾಗಿ ಬಿಡಿಎ 2003ರ ಫೆಬ್ರುವರಿ 3ರಂದು ತಣಿಸಂದ್ರ, ರಾಚೇನಹಳ್ಳಿ, ನಾಗವಾರ, ಜಕ್ಕೂರು, ಸಂಪಿಗೆಹಳ್ಳಿ, ಅಮೃತಹಳ್ಳಿ, ಹೆಣ್ಣೂರು, ಚಳ್ಳಕೆರೆ ಮೊದಲಾದ 16 ಗ್ರಾಮಗಳ 3,339 ಎಕರೆ 12 ಗುಂಟೆಯ ಸ್ವಾಧೀನಕ್ಕೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಒಂದು ವರ್ಷದ ಬಳಿಕ, 2004ರ ಫೆಬ್ರುವರಿ 23ರ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿಯಿತು. ಕಳೆದುಹೋದ ಸುಮಾರು 589 ಎಕರೆ ಯಾವ ಆಧಾರದ ಮೇಲೆ ಹೊರಗುಳಿಯಿತು ಎಂಬುದೇ ಮುಂದಿನ ಒಂದು ದಶಕದ ಜಗಳದ ಬೀಜವಾಯಿತು. ಹೈಕೋರ್ಟಿನ ಏಕಸದಸ್ಯ ಪೀಠ 2005ರ ಏಪ್ರಿಲ್ 15ರಂದು ಸ್ವಾಧೀನವನ್ನು ರದ್ದುಪಡಿಸಿದರೆ, ಅದೇ ವರ್ಷದ ನವೆಂಬರ್ 25ರಂದು ವಿಭಾಗೀಯ ಪೀಠ ಷರತ್ತುಗಳೊಂದಿಗೆ ಅದನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರ ಬೊಂಡು ರಾಮಸ್ವಾಮಿ ಪ್ರಕರಣದ ತೀರ್ಪಿನಲ್ಲಿ ಮೂಲತಃ ಇದೇ ದಾರಿ ಹಿಡಿಯಿತು. ಹಸಿರು ಪಟ್ಟಿಯಲ್ಲಿದ್ದ ನೆಲ, ಆಗಲೇ ಪೂರ್ತಿ ಮನೆಗಳೆದ್ದ ನೆಲ, ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಗಳ ಕಟ್ಟಡಗಳಿದ್ದ ನೆಲ, ಸಸಿಗಳ ನರ್ಸರಿ, ನಡೆಯುತ್ತಿರುವ ಕಾರ್ಖಾನೆ, ಕೈಬಿಟ್ಟ ನೆಲದ ಪಕ್ಕದಲ್ಲೇ ಅದರಂತೆಯೇ ಇದ್ದ ನೆಲ ಇವುಗಳ ಮಾಲೀಕರು ಬಿಡುಗಡೆಗೆ ಅರ್ಜಿ ಹಾಕಿಕೊಳ್ಳಬಹುದೆಂದಾಯಿತು. ರೆವಿನ್ಯೂ ಸೈಟು ಕೊಂಡು ಕಳೆದುಕೊಂಡವರಿಗೆ ದಕ್ಕಿದ್ದು, ಪ್ರತ್ಯೇಕ ವರ್ಗವೆಂದು ಪರಿಗಣಿತರಾಗಿ ಚಾಲ್ತಿಯ ಹಂಚಿಕೆ ದರಕ್ಕೆ 30×40ರ ನಿವೇಶನ ಕೇಳುವ ಅವಕಾಶ, ಅಂದರೆ ಒಮ್ಮೆ ಹಣ ಕೊಟ್ಟ ನೆಲದ ಬದಲಿಗೆ ಇನ್ನೊಮ್ಮೆ ಹಣ ಕೊಡುವ ಅವಕಾಶ. ಮುಂದೆ 2014ರ ಜೂನ್ 18ರಂದು ಪರಿಷ್ಕೃತ ಅಧಿಸೂಚನೆ ಬಂದು ಬಡಾವಣೆ 1,766 ಎಕರೆಗೆ ಕುಗ್ಗಿತು. ಕೈಬಿಟ್ಟ ಭೂಮಿಯ ವಿಚಾರಣೆಗೆ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ಅದೇ ವರ್ಷ ನೇಮಕವಾಗಿ 2017ರಲ್ಲಿ ವರದಿ ಒಪ್ಪಿಸಿತು.

ತಣಿಸಂದ್ರದ ಒಂದು ಸರ್ವೆ ನಂಬರು ಹೀಗೆ ಹನ್ನೊಂದು ವರ್ಷಗಳಲ್ಲಿ ಅಧಿಸೂಚನೆಯ ಒಳಗೆ, ಹೊರಗೆ, ಮತ್ತೆ ಒಳಗೆ ಹೋಗಿ ಬಂದಿರುವ ಸಾಧ್ಯತೆಯಿರುವಾಗ, ‘ಬಿಡಿಎ ಕ್ಲಿಯರ್ ಆಗಿದೆ’ ಎಂಬ ದಲ್ಲಾಳಿಯ ಒಂದು ವಾಕ್ಯಕ್ಕೆ ಯಾವ ಬೆಲೆಯನ್ನೂ ಕೊಡಲಾಗದು. ಮೂರು ಅಧಿಸೂಚನೆಗಳನ್ನೂ, ಆ ನಂಬರಿಗೆ ಬಿಡುಗಡೆಯ ಆದೇಶವಿದ್ದರೆ ಅದನ್ನೂ, ಹಿಸ್ಸಾ ಸಂಖ್ಯೆಯ ಸಮೇತ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಿಸ್ಸಾ ಎಂದರೆ ಒಂದು ಸರ್ವೆ ನಂಬರು ಪಾಲಾದಾಗ ದುರಸ್ತಾಗಿ ಬರುವ ಉಪಸಂಖ್ಯೆ. ಆ ಬಗೆಯ ವಿಭಜನೆಗೆ ಪೋಡಿ ಎಂದು ಹೆಸರು. ಬಿಡುಗಡೆಯಾದದ್ದು ಒಂದನೇ ಹಿಸ್ಸಾ, ಮಾರಾಟಕ್ಕಿರುವುದು ಮೂರನೆಯದು ಎಂಬಂಥ ಸಂದರ್ಭದಲ್ಲಿ ಮೂಲ ನಂಬರೊಂದನ್ನೇ ನೋಡುವವರಿಗೆ ಏನೂ ಕಾಣುವುದಿಲ್ಲ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ರೂಪುಗೊಂಡಾಗ, 198 ವಾರ್ಡುಗಳ ವಿಂಗಡಣೆಯಲ್ಲಿ ತಣಿಸಂದ್ರ ಆರನೆಯ ವಾರ್ಡಾಯಿತು. ಹಳ್ಳಿಗಳ ಜೊತೆ ಸಾವಿರಾರು ರೆವಿನ್ಯೂ ಸೈಟಿನ ಮನೆಗಳೂ ಬಂದವು. ಅವುಗಳಿಂದ ತೆರಿಗೆ ಬೇಕು, ಅವನ್ನು ಸಕ್ರಮವೆಂದು ಒಪ್ಪಲಾಗದು ಎಂಬ ಇಕ್ಕಟ್ಟಿನಿಂದ ಹೊರಬರಲು ಪಾಲಿಕೆ ಎರಡು ವಹಿಗಳನ್ನು ಇಟ್ಟಿತು. ಸಕ್ರಮ ಸ್ವತ್ತುಗಳದು ‘ಎ’, ಉಳಿದವುಗಳದು ‘ಬಿ’. ಖಾತೆ ಎಂದರೆ ತೆರಿಗೆಗಾಗಿ ಸ್ವತ್ತಿನ ಹೆಸರಿನಲ್ಲಿ ತೆರೆದ ಲೆಕ್ಕ, ಅಷ್ಟೇ. ಅದು ಒಡೆತನದ ಪತ್ರವಲ್ಲವೆಂದು ನ್ಯಾಯಾಲಯಗಳು ಪದೇ ಪದೇ ಹೇಳಿವೆ. ಆದರೂ ಮಾರುಕಟ್ಟೆಯಲ್ಲಿ ‘ಎ ಖಾತಾ ಸೈಟು’, ‘ಬಿ ಖಾತಾ ಸೈಟು’ ಎಂಬ ಜಾತಿಗಳೇ ಹುಟ್ಟಿಕೊಂಡು, ಒಂದಕ್ಕೆ ಬ್ಯಾಂಕ್ ಸಾಲವೂ ನಕ್ಷೆ ಮಂಜೂರಾತಿಯೂ ದೊರೆತರೆ ಇನ್ನೊಂದಕ್ಕೆ ಎರಡೂ ದುರ್ಲಭವಾದವು. ಸಕ್ರಮಗೊಳಿಸುವ ಭರವಸೆಯ ಇತಿಹಾಸವಂತೂ ಬೇಸರ ಹುಟ್ಟಿಸುವಷ್ಟು ಉದ್ದವಾದದ್ದು. ‘ಅಕ್ರಮ-ಸಕ್ರಮ’ದ ತಿದ್ದುಪಡಿ 2007ರಲ್ಲಿ, ನಿಯಮಗಳು 2014ರಲ್ಲಿ, ಹೈಕೋರ್ಟಿನ ಒಪ್ಪಿಗೆ 2016ರ ಡಿಸೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯದ ತಡೆ 2017ರ ಜನವರಿಯಲ್ಲಿ. ಅನಂತರ 2024ರ ಶರತ್ಕಾಲದಲ್ಲಿ ನಗರದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ‘ಬಿ’ಯನ್ನು ಶುಲ್ಕ ಪಡೆದು ‘ಎ’ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು. ಬಿ ಖಾತೆ ಎ ಖಾತೆಯಾದರೂ ಅದರ ಹಿಂದಿನ ಮಗಳ ಪಾಲಾಗಲಿ, ಮಂಜೂರಾತಿಯ ಷರತ್ತಾಗಲಿ, ‘ಬಿ’ ಖರಾಬಾಗಲಿ ಅಳಿಸಿಹೋಗುವುದಿಲ್ಲ.

ಅಪಾರ್ಟ್‌ಮೆಂಟಿನ ಮಾತು ಸ್ವಲ್ಪ ಬೇರೆ, ಆದರೂ ಬುಡ ಅದೇ. ಇಲ್ಲಿನ ಅನೇಕ ಕಟ್ಟಡಗಳು ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆ, ಅಂದರೆ ಜಮೀನು ರೈತ ಕುಟುಂಬದ್ದು, ಕಟ್ಟುವ ಹಣ ಬಿಲ್ಡರದು, ಫ್ಲ್ಯಾಟುಗಳು ಇಬ್ಬರಿಗೂ ಎಂಬ ಕರಾರಿನ ಮೇಲೆ ಎದ್ದಿರುವುದರಿಂದ, ಹತ್ತನೆಯ ಅಂತಸ್ತಿನ ಮನೆ ಕೊಳ್ಳುವವರೂ ಕೆಳಗಿನ ಹೊಲದ ಅವಿಭಾಜ್ಯ ಪಾಲನ್ನೇ ಕೊಳ್ಳುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾ, ಕರ್ನಾಟಕದಲ್ಲಿ 2017ರಲ್ಲಿ ಬಂದ ಮೇಲೆ ಕಾರ್ಪೆಟ್ ವಿಸ್ತೀರ್ಣವನ್ನು ಹೇಳಲೇಬೇಕೆಂಬ ನಿಯಮವೂ, ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ಕಾಣಿಸುವ ದೋಷವನ್ನು ಬಿಲ್ಡರೇ ಸರಿಪಡಿಸಬೇಕೆಂಬ ಹೊಣೆಯೂ ಬಂದವು. ಮಂಜೂರಾದ ನಕ್ಷೆಯಂತೆ ಕಟ್ಟಡ ಮುಗಿದಿದೆ ಎಂದು ಸಾರುವ ಸ್ವಾಧೀನಾನುಭವ ಪ್ರಮಾಣಪತ್ರ, ಜನರ ಮಾತಿನ ಓಸಿ, ಬಹುಕಾಲ ಯಾರೂ ಕೇಳದ ಕಾಗದವಾಗಿತ್ತು. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ ಅದರ ಬೆಲೆ ಎಲ್ಲರಿಗೂ ಗೊತ್ತಾಯಿತು.

ಕೊನೆಗೆ ನೀರು ತನ್ನ ಹಳೆಯ ದಾರಿಗೇ ಮರಳುತ್ತದೆ. ಕಾಲುವೆಗಳ ಎರಡು ಬದಿಗೆ ಎಷ್ಟು ಜಾಗ ಬಿಡಬೇಕೆಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ಹೊಯ್ದಾಡಿದೆ: 2007ರಲ್ಲಿ ಜಾರಿಗೆ ಬಂದ ಮಹಾಯೋಜನೆ ಕೆರೆಗೆ 30 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಅವುಗಳ ನಡುಗೆರೆಯಿಂದ 50, 25, 15 ಮೀಟರ್ ಎಂದಿತ್ತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಕೆರೆಗೆ 75 ಮೀಟರ್ ಸೇರಿದಂತೆ ಹೊಸ ಅಳತೆ ವಿಧಿಸಿತು, ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್ 5ರಂದು ಅದನ್ನು ತೆಗೆದುಹಾಕಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ಮಳೆಗೆ ಈ ತೀರ್ಪುಗಳು ತಲುಪುವುದಿಲ್ಲ. ಮಾನ್ಯತಾದ ಒಳರಸ್ತೆಗಳು 2024ರ ಅಕ್ಟೋಬರ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ಮುಳುಗಿದ್ದನ್ನು ನಾಡೆಲ್ಲ ಕಂಡಿತು. ಅದೇ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೊರವಲಯದ ಹಳ್ಳಿಗಳಿಗೆ ಹರಿಸಲು ಉದ್ಘಾಟನೆಯಾದದ್ದು ಒಂದು ವಿಪರ್ಯಾಸ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬೀದಿಯೇ ಮಳೆಗಾಲದಲ್ಲಿ ಪಂಪಿಗೆ ಕಾಯುತ್ತದೆ. ಆದುದರಿಂದ ಇಲ್ಲಿ ಮನೆಯನ್ನು ಉತ್ತಮಗೊಳಿಸುವ ಖರ್ಚಿನಲ್ಲಿ ಮೊದಲ ಪಾಲು ಸಲ್ಲಬೇಕಾದದ್ದು ನಡುಮನೆಯ ಗ್ರಾನೈಟಿಗಲ್ಲ: ಮನೆಯ ಮಟ್ಟ ರಸ್ತೆಯ ಮಟ್ಟಕ್ಕಿಂತ ಮೇಲಿದೆಯೇ, ಒಳಚರಂಡಿಯ ಕೊಳವೆಯಲ್ಲಿ ನೀರು ಹಿಂದಕ್ಕೆ ನುಗ್ಗದಂತೆ ತಡೆಯಿದೆಯೇ, ಸಂಪಿನ ಬಾಯಿ ಎತ್ತರದಲ್ಲಿದೆಯೇ ಎಂಬುದಕ್ಕೆ. ಜಲಮಂಡಳಿಯ ಕಾಯಿದೆಗೆ 2009ರಲ್ಲಿ ಆದ ತಿದ್ದುಪಡಿ 2,400 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ಹಳೆಯ ನಿವೇಶನಗಳಿಗೂ 1,200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ಹೊಸ ನಿವೇಶನಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ತಾರಸಿಯ ನೀರನ್ನು ಸೋಸಿ ಸಂಪಿಗೆ ಇಳಿಸುವ ಈ ಏರ್ಪಾಡು ತೂಬು, ಕೋಡಿಗಳ ಹಳೆಯ ಲೆಕ್ಕವನ್ನೇ ಒಂದು ಮನೆಯ ಅಳತೆಗೆ ಕುಗ್ಗಿಸಿಕೊಂಡಂತಿದೆ.

ಪಾಲಿಕೆಯನ್ನು ಒಡೆದು 2025ರ ಸೆಪ್ಟೆಂಬರ್‌ನಲ್ಲಿ ಐದು ನಗರಪಾಲಿಕೆಗಳನ್ನು ಮಾಡಿದಾಗ ವಾರ್ಡಿನ ಸಂಖ್ಯೆ, ಕಚೇರಿಯ ವಿಳಾಸ, ರಸೀದಿಯ ತಲೆಬರಹ ಎಲ್ಲವೂ ಇನ್ನೊಮ್ಮೆ ಬದಲಾದವು. ಸರ್ವೆ ನಂಬರು ಬದಲಾಗಲಿಲ್ಲ. ಮೊಬೈಲಿನ ‘ದಿಶಾಂಕ್’ ತಂತ್ರಾಂಶ ತಣಿಸಂದ್ರದ ಯಾವ ಮೂಲೆಯಲ್ಲಿ ನಿಂತರೂ ಕಾಲಕೆಳಗಿನ ನೆಲದ ನಂಬರನ್ನು ಕ್ಷಣದಲ್ಲಿ ತೋರಿಸುತ್ತದೆ. ಆದರೆ ಎರಡು ಕಾಂಪೌಂಡು ಗೋಡೆಗಳ ನಡುವಿನ ಒಂದೂವರೆ ಅಡಿಗೆ ತಕರಾರು ಬಂದು ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಬಿದ್ದಾಗ ಸರ್ಕಾರಿ ಭೂಮಾಪಕ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಿ ತರುವುದು ಆ ಹಳೆಯ ಟಿಪ್ಪಣಿಯನ್ನೇ. ಅದರಲ್ಲಿ ಅಳತೆಗಳು ಈಗಲೂ ಸರಪಳಿ ಮತ್ತು ಆಣೆಗಳಲ್ಲಿವೆ.